ಲಾಳಿ ಓಡುವಷ್ಟು ಹೊತ್ತು

ಮಾರ್ಚ್ ತಿಂಗಳಲ್ಲಿ ಅಪ್ಪ ಮೊದಲ ಸಲ ಚರ್ಚಿನಲ್ಲಿ ಪವಿತ್ರ ಭೋಜನದ ಮೇಜಿಗೆ ಕೂತ. ಅಲ್ಲಿಂದಾಚೆ ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ಗುರುವಾರದ ಊಟ ಯಾರಿಗೂ ಮೈಗೆ ಹತ್ತಲಿಲ್ಲ.

ಅಜ್ಜಿ ಡೊಲೀನಾಗಂತೂ ಅದು ದೊಡ್ಡ ಸಂಭ್ರಮ. ನಲವತ್ತೆಂಟು ವರ್ಷದ ಮಗ ಫಿನ್ಲೇ ಕೊನೆಗೂ ತನ್ನಪ್ಪನ ಜಾಗಕ್ಕೆ ಬಂದ ಅಂತ ನಮ್ಮ ಲೂಯಿಸ್ ದ್ವೀಪದ ಅರ್ಧ ಜನಕ್ಕೆ ಫೋನು ಮಾಡಿ ಹೇಳಿದಳು. ಆದರೆ ಮೇಜಿಗೆ ಕೂತು ಚರ್ಚಿನ ಪೂರ್ಣ ಸದಸ್ಯನಾದ ಗಂಡಸಿಗೆ ನಮ್ಮಲ್ಲಿ ಇನ್ನೊಂದು ಹೊಣೆ ಹೆಗಲೇರುತ್ತದೆ. ಗುರುವಾರ ಸಂಜೆಯ ಪ್ರಾರ್ಥನಾ ಕೂಟದಲ್ಲಿ ಪಾದ್ರಿಗಳು ಅವನನ್ನು ಹೆಸರು ಹಿಡಿದು ಕೂಗಬಹುದು. ಮೊದಲೇ ತಿಳಿಸುವ ಪದ್ಧತಿಯಿಲ್ಲ. ಕೂಗಿದವನು ಪುಸ್ತಕವಿಲ್ಲದೆ, ಚೀಟಿಯಿಲ್ಲದೆ ಎಲ್ಲರ ಪರವಾಗಿ ನಮ್ಮ ಗೇಲಿಕ್ ಭಾಷೆಯಲ್ಲಿ ಪ್ರಾರ್ಥಿಸಬೇಕು. ನಮ್ಮ ತಾತ ಟಾರ್ಮೋಡ್ ಹೀಗೆ ಶುರು ಮಾಡಿದರೆ ಇಪ್ಪತ್ತು ನಿಮಿಷ ನಿಲ್ಲಿಸುತ್ತಿರಲಿಲ್ಲವಂತೆ, ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ನನಗೆ ನೆನಪಿರುವುದು ಕಾಲು ಜೋಮು ಹಿಡಿಯುತ್ತಿದ್ದದ್ದು ಮಾತ್ರ.

ಮೊದಲ ಗುರುವಾರ ಪಾದ್ರಿಗಳು ಬೇರೆ ಇಬ್ಬರನ್ನು ಕರೆದರು. ಅಪ್ಪ ಮನೆಗೆ ಬಂದವನು ಕೋಟು ಬಿಚ್ಚದೆ ಕುರ್ಚಿಯಲ್ಲಿ ಕುಸಿದ. ಅಂಗಿಯ ಬೆನ್ನು ಒದ್ದೆಯಾಗಿತ್ತು. ಅಮ್ಮ ಬಡಿಸಿಟ್ಟಿದ್ದ ಸೂಪು ಹಾಗೇ ಆರಿತು.

"ಮೈ ಬಿಸಿಯಿದೆಯಾ?" ಅಂತ ಅಮ್ಮ ಹಣೆ ಮುಟ್ಟಿದಳು.

"ಏನಿಲ್ಲ ಇಶ್‌ಬೆಲ್. ಕೂಟದ ಹಾಲ್‌ನಲ್ಲಿ ಸೆಕೆ."

"ಸೆಕೆನಾ? ಅಲ್ಲಿ ಹೀಟರ್ ಕೆಟ್ಟು ಎರಡು ವರ್ಷ ಆಯ್ತು," ಅಂದೆ ನಾನು. ಆಗ ನನಗೆ ಹದಿನಾರು, ಕೇಳದಿದ್ದರೂ ಹೇಳುವ ವಯಸ್ಸು.

ಎರಡನೇ ಗುರುವಾರ ಕುರಿ ಈಯುತ್ತಿದೆ ಅಂತ ಅಪ್ಪ ಹೋಗಲಿಲ್ಲ. ಅದು ನಿಜವೇ, ಅವಳಿ ಮರಿ ಹಾಕಿತು. ಮೂರನೇ ಗುರುವಾರ ಈಯುವ ಕುರಿಯೇ ಇರಲಿಲ್ಲ, ಆದರೂ ಅಪ್ಪ ಟಾರ್ಚು ಹಿಡಿದು ಬೇಲಿಯುದ್ದಕ್ಕೂ ಓಡಾಡಿದ. ನಾಲ್ಕನೆಯದಕ್ಕೆ ಮಗ್ಗ ಕೆಟ್ಟಿತು.

ಅಪ್ಪ ನೇಕಾರ. ಗಿರಣಿಯ ವ್ಯಾನು ನೇಯಲು ಸಿದ್ಧವಾದ ಉಣ್ಣೆಯ ನೂಲು ತಂದು ಇಳಿಸುತ್ತದೆ, ಅಪ್ಪ ಮನೆಯ ಹಿಂದಿನ ಶೆಡ್ಡಿನಲ್ಲಿ ತಾತನ ಕಾಲದ ಕಬ್ಬಿಣದ ಮಗ್ಗ ತುಳಿದು ಟ್ವೀಡ್ ಎಂಬ ಉಣ್ಣೆಬಟ್ಟೆ ನೇಯುತ್ತಾನೆ, ವ್ಯಾನು ಮತ್ತೆ ಬಂದು ಒಯ್ಯುತ್ತದೆ. ಆ ಮಗ್ಗದ ಸದ್ದು ಎಂಥದೆಂದರೆ, ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಿಸುವುದಿಲ್ಲ.

"ಪೆಡಲಿನ ಕೊಂಡಿ ಕಿತ್ತು ಬಂದಿದೆ ಅಮ್ಮಾ. ಇವತ್ತು ಸರಿ ಮಾಡದಿದ್ರೆ ಶನಿವಾರದೊಳಗೆ ಬಟ್ಟೆ ಆಗಲ್ಲ," ಅಂದ ಅಪ್ಪ.

ಅಜ್ಜಿ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದಳು. ತಲೆಯೆತ್ತಲಿಲ್ಲ.

"ಐವತ್ತೆರಡು ವರ್ಷ ಆ ಮಗ್ಗದ ಪಕ್ಕ ಕೂತು ಲಾಳಿಗೆ ಹಾಕೋ ಕಂಡಿಕೆಗೆ ನೂಲು ಸುತ್ತಿದೀನಿ ಫಿನ್ಲೇ. ಅದಕ್ಕೆ ನೆಗಡಿ ಆದ್ರೂ ನಂಗೆ ಗೊತ್ತಾಗತ್ತೆ. ಮಧ್ಯಾಹ್ನ ಮೂರರ ತನಕ ಚೆನ್ನಾಗಿ ಓಡ್ತಿತ್ತು. ಆಮೇಲೆ ಸ್ಪ್ಯಾನರ್ ಸದ್ದು ಬಂತು. ಕಿತ್ತು ಬಂತೋ, ಕಿತ್ತೆಯೋ?"

ಅಪ್ಪ ಹೊರಗೆ ಹೋದ.

"ದೇವರ ಮನೆಗೆ ಬೆನ್ನು ತಿರುಗಿಸ್ತಿದಾನೆ," ಅಂದಳು ಅಜ್ಜಿ.

"ಬೆನ್ನೂ ಇಲ್ಲ ಹೊಟ್ಟೆನೂ ಇಲ್ಲ," ಅಂದಳು ಅಮ್ಮ. "ಅವನಿಗೆ ಹುಷಾರಿಲ್ಲ ಅತ್ತೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗ್ಯಾಸು ಮುಚ್ಚಿದೆಯಾ ಅಂತ ಮೂರು ಸಲ ನೋಡ್ತಾನೆ. ಬಾಗಿಲು ನೋಡ್ತಾನೆ. ನೀವು ಉಸಿರಾಡ್ತಿದೀರಾ ಅಂತ ನಿಮ್ಮ ಕೋಣೆಗೂ ಇಣುಕ್ತಾನೆ. ನಿಮಗೆ ಗೊತ್ತಾ?"

ಅಜ್ಜಿಗೆ ಗೊತ್ತಿರಲಿಲ್ಲ. ಚಾಕು ಒಂದು ಗಳಿಗೆ ನಿಂತಿತು, ಮತ್ತೆ ಸುಲಿಯತೊಡಗಿತು.

ಮುಂದಿನ ಸೋಮವಾರ ಅಮ್ಮ ಶಾಲೆಯ ಅಡುಗೆಮನೆಯ ಕೆಲಸಕ್ಕೆ ರಜೆ ಹಾಕಿ ಅಪ್ಪನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಆತಂಕದ ಕಾಯಿಲೆ, ಎಷ್ಟೋ ಜನಕ್ಕೆ ಇರುತ್ತದೆ ಅಂದರಂತೆ ಡಾಕ್ಟರು. ಮಾತ್ರೆ ಬರೆದುಕೊಟ್ಟರು. ಅಮ್ಮ ಆ ಸೀಸೆಯನ್ನು ಓಟ್ಸ್ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಬೆಳಿಗ್ಗೆ ಗಂಜಿ ಕಾಯಿಸುವುದು ಅಜ್ಜಿಯ ಕೆಲಸವೆಂಬುದನ್ನು ಹೇಗೆ ಮರೆತಳೋ.

"ಇದೇನಿದು?" ಅಂದಳು ಅಜ್ಜಿ, ಸೀಸೆ ಎತ್ತಿ ಹಿಡಿದು.

"ಮಾತ್ರೆ."

"ಯಾತಕ್ಕೆ?"

"ಹೆದರಿಕೆಗೆ," ಅಂದ ಅಪ್ಪ, ತಟ್ಟೆ ನೋಡುತ್ತಾ.

"ಹೆದರಿಕೆಗೆ ಮಾತ್ರೆ! ನಿಮ್ಮಪ್ಪ ಯುದ್ಧದಲ್ಲಿ ಹಡಗು ಮುಳುಗಿ ಹನ್ನೊಂದು ಗಂಟೆ ನೀರಲ್ಲಿದ್ರು. ಯಾವ ಮಾತ್ರೆ ನುಂಗಿದ್ರು? ಪ್ರಾರ್ಥನೆ ಮಾಡಿದ್ರು. ಪ್ರಾರ್ಥನೆ ಮಾಡೋ ಬಾಯಿಗೆ ಇದು ಯಾಕೆ ಬೇಕು?"

"ಬಿಪಿ ಮಾತ್ರೆ ನೀವು ದಿನಾ ಪ್ರಾರ್ಥನೆ ಮಾಡಿ ತಾನೇ ನುಂಗೋದು ಅತ್ತೆ?" ಅಂದಳು ಅಮ್ಮ. "ಅದು ನಿಮ್ಮ ನಂಬಿಕೆಗೆ ಅಡ್ಡ ಬಂತಾ?"

ನಾನು ನಕ್ಕೆ. ಅಜ್ಜಿ ನನ್ನ ಮುಂದಿದ್ದ ಬೆಣ್ಣೆಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳ ಶಿಕ್ಷೆಗಳು ಯಾವಾಗಲೂ ಹೀಗೇ ಇರುತ್ತಿದ್ದವು.

ಅಜ್ಜಿಯನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವಳಿಗೆ ತಿಳಿದಿದ್ದ ಮದ್ದು ಒಂದೇ, ಅದರಿಂದಲೇ ಅವಳು ಎಪ್ಪತ್ತೆಂಟು ವರ್ಷ ಬದುಕಿದ್ದು. ಮೊದಲ ಮಗು ಸತ್ತಾಗ, ತಾತ ಹೋದಾಗ, ಮಂಡಿಯೂರಿಯೇ ಎದ್ದವಳು. ಮಗನಿಗೂ ಅದೇ ಮದ್ದು ಕುಡಿಸಿದರೆ ಸರಿಹೋಗುತ್ತಾನೆ ಅಂದುಕೊಂಡಳು. ಬುಧವಾರ ನಾವೆಲ್ಲ ಹೊರಗಿದ್ದಾಗ ಒಂದು ಡಜನ್ ಮೊಟ್ಟೆ ಬುಟ್ಟಿಯಲ್ಲಿಟ್ಟುಕೊಂಡು, ಕೋಲೂರಿಕೊಂಡು ಪಾದ್ರಿಗಳ ಮನೆಗೆ ಹೋದಳು.

ಮರುದಿನ ಅಪ್ಪ ಕೂಟಕ್ಕೆ ಹೊರಟ. ಮಾತ್ರೆ ಶುರುವಾಗಿ ಮೂರು ದಿನವಾಗಿತ್ತು. ನಾಲ್ಕಕ್ಕೆ ಎದ್ದು ಗ್ಯಾಸು ನೋಡುವುದು ಕಡಿಮೆಯಾಗಿದೆ ಅಂತ ಅವನೇ ಹೇಳಿದ್ದ. ನಾನೂ ಅಜ್ಜಿಯೂ ಹೋದೆವು. ಕೂಟದ ಹಾಲ್‌ನಲ್ಲಿ ಇಪ್ಪತ್ತು ಜನರಿರಬಹುದು. ಕೀರ್ತನೆ ಹಾಡಿದ ಮೇಲೆ ಪಾದ್ರಿಗಳು ಕನ್ನಡಕ ತೆಗೆದು, "ಫಿನ್ಲೇ, ನೀವು ಪ್ರಾರ್ಥನೆಯಲ್ಲಿ ನಮ್ಮನ್ನ ನಡೆಸಿ," ಅಂದರು.

ಎಲ್ಲರೂ ಎದ್ದು ತಲೆ ತಗ್ಗಿಸಿದೆವು.

"ಓ ಕರ್ತನೇ," ಅಂದ ಅಪ್ಪ.

ಆಮೇಲೆ ಏನೂ ಬರಲಿಲ್ಲ. ಯಾರೋ ಕೆಮ್ಮಿದರು. ಹೊರಗೆ ಗಾಳಿಗೆ ಗೇಟು ಬಡಿದುಕೊಳ್ಳುತ್ತಿತ್ತು. ನಾನು ಓರೆಗಣ್ಣಲ್ಲಿ ನೋಡಿದೆ. ಅಪ್ಪನ ತುಟಿ ತೆರೆದೇ ಇತ್ತು, ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಆ ಕುರ್ಚಿ ಕಟಕಟ ಅಲ್ಲಾಡುತ್ತಿತ್ತು. "ಓ ಕರ್ತನೇ," ಅಂದ ಇನ್ನೊಮ್ಮೆ. ಆಮೇಲೆ ಟೋಪಿ ತೆಗೆದುಕೊಂಡು, ಸಾಲಿನ ಅಂಚಿನಲ್ಲಿದ್ದ ಚರ್ಚಿನ ಹಿರಿಯ ರೋರಿಯ ಕಾಲು ತುಳಿದು, ಹೊರಗೆ ನಡೆದುಬಿಟ್ಟ. ಹಿಂದೆಯೇ ರೋರಿ ಗಟ್ಟಿ ದನಿಯಲ್ಲಿ ಪ್ರಾರ್ಥನೆ ಮುಂದುವರಿಸಿದರು. ಅಜ್ಜಿ ತಲೆ ಎತ್ತಲೇ ಇಲ್ಲ.

ದಿನಾ ಸಂಜೆ ಊಟವಾದ ಮೇಲೆ ಮನೆಯ ಗಂಡಸು ದೊಡ್ಡ ಬೈಬಲ್ಲು ಇಳಿಸಿ, ಒಂದು ಅಧ್ಯಾಯ ಓದಿ, ಕೀರ್ತನೆ ಹಾಡಿಸಿ, ಎಲ್ಲರೂ ಕುರ್ಚಿಗಳ ಮುಂದೆ ಮಂಡಿಯೂರಿದಾಗ ಪ್ರಾರ್ಥನೆ ಮಾಡುತ್ತಾನೆ. ಪುಸ್ತಕ ತೆಗೆಯುವುದು ಅನ್ನುತ್ತೇವೆ ಅದಕ್ಕೆ. ತಾತನ ನಂತರ ಐದು ವರ್ಷದಿಂದ ಅಪ್ಪನೇ ತೆಗೆಯುತ್ತಿದ್ದ. ತಾತ ಹೇಳುತ್ತಿದ್ದ ನಾಲ್ಕು ಮಾತನ್ನೇ ಹೇಳಿ ಮುಗಿಸುತ್ತಿದ್ದ, ನಮಗೂ ಅದು ಸಾಕಾಗುತ್ತಿತ್ತು. ಆ ಗುರುವಾರದ ನಂತರ ಅದೂ ನಿಂತಿತು. ಶುಕ್ರವಾರ ಊಟ ಮುಗಿಸಿ ಅಪ್ಪ ಕೈ ತೊಳೆದು ಶೆಡ್ಡಿಗೆ ಹೋದ. ಶನಿವಾರವೂ ಹೋದ. ಭಾನುವಾರ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಬೈಬಲ್ಲು ಗೂಡಿನಲ್ಲೇ ಉಳಿಯಿತು.

"ನೀವೇ ತೆಗೀರಿ ಅತ್ತೆ," ಅಂದಳು ಅಮ್ಮ.

"ಗಂಡಸಿಲ್ಲದ ಮನೇಲಿ ಹೆಂಗಸು ತೆಗೀತಾಳೆ. ನಾನು ತೆಗೆದ್ರೆ ಅವನನ್ನ ಸತ್ತವರ ಜೊತೆ ಸೇರಿಸಿದ ಹಾಗಾಗತ್ತೆ," ಅಂದಳು ಅಜ್ಜಿ. ಅವಳ ಮುಖ ಸಣ್ಣಗಾಗಿತ್ತು. ಪುಸ್ತಕ ತೆಗೆಯದೆ ಮಲಗಿದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದಮೇಲೆ ಅಂಥ ಸಂಜೆಯೇ ಬಂದಿರಲಿಲ್ಲವಂತೆ.

ಮೊಟ್ಟೆಯ ವಿಷಯ ಹೊರಗೆ ಬಿದ್ದದ್ದು ಮಂಗಳವಾರ. ಉಪ್ಪಿನ ಹೆರಿಂಗ್ ಮೀನು, ಬೇಯಿಸಿದ ಆಲೂಗಡ್ಡೆ ಬಡಿಸುತ್ತಾ ಅಮ್ಮ ಸಹಜವಾಗಿಯೇ ಅಂದಳು, "ಇವತ್ತು ಅಂಗಡೀಲಿ ಪಾದ್ರಿಗಳ ಹೆಂಡತಿ ಸಿಕ್ಕಿದ್ರು. ಮೊಟ್ಟೆ ಬಹಳ ಚೆನ್ನಾಗಿತ್ತು ಅಂದ್ರು. ಯಾವ ಮೊಟ್ಟೆ?"

ಅಜ್ಜಿ ಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ಯಾವತ್ತು ಹೋಗಿದ್ರಿ ಅತ್ತೆ?"

"ಬುಧವಾರ."

"ಗುರುವಾರದ ಹಿಂದಿನ ಬುಧವಾರ!" ಅಮ್ಮ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಒಂದು ವಾರ ಸುಮ್ಮನಿರೋಕೆ ಆಗ್ಲಿಲ್ವಾ ನಿಮಗೆ? ಮೊಟ್ಟೆ ಕೊಟ್ಟು ಮಗನ ಮಾನ ಕಳೆದ್ರಲ್ಲ!"

"ಇಶ್‌ಬೆಲ್, ಬಿಡು," ಅಂದ ಅಪ್ಪ. ಆಮೇಲೆ ಅಜ್ಜಿಯ ಕಡೆ ತಿರುಗಿದ. ದನಿ ಏರಲಿಲ್ಲ, ಏರಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು. "ನನ್ನನ್ನ ಕೂಗಿಸಿದ್ದು ನೀನಾ ಅಮ್ಮಾ?"

"ಒಂದು ಸಲ ಬಾಯಿ ಬಿಟ್ರೆ ಹೆದರಿಕೆ ಹೋಗತ್ತೆ ಅಂದ್ಕೊಂಡೆ."

ಅಪ್ಪ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಶೆಡ್ಡಿನಿಂದ ಮಗ್ಗದ ಸದ್ದು ಬಂತು. ಅಜ್ಜಿ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಒಲೆಯ ಪಕ್ಕದಲ್ಲಿಟ್ಟಳು. ಅದನ್ನು ಬೆಳಿಗ್ಗೆ ಬೆಕ್ಕಿಗೆ ಹಾಕಿದೆವು.

ನನಗೆ ಶಾಲೆಗೆ ರಜೆಯಿತ್ತು. ಬುಧವಾರ ಹನ್ನೊಂದು ಗಂಟೆಗೆ ಅಪ್ಪನ ಚಹಾ ಒಯ್ಯಲು ಹೊರಟಾಗ ಅಜ್ಜಿ, "ತಡಿ ಕರ್ಸ್ಟಿ, ನಾನೂ ಬರ್ತೀನಿ," ಅಂದಳು. ಅವಳು ಕ್ಷಮೆ ಕೇಳಲು ಹೊರಟಿದ್ದಳೆಂದು ನನಗೆ ಗೊತ್ತಾಯಿತು, ಏಕೆಂದರೆ ಒಳ್ಳೆಯ ಏಪ್ರನ್ ಕಟ್ಟಿಕೊಂಡಿದ್ದಳು. ನಾನು ಚಹಾ ಹಿಡಿದಿದ್ದೆ, ಅವಳು ಸ್ಕೋನ್ ಬನ್ನುಗಳ ತಟ್ಟೆ ಹಿಡಿದಿದ್ದಳು. ಶೆಡ್ಡಿನ ಕಿಟಕಿಯ ಹತ್ತಿರ ಬಂದವಳು ನಿಂತುಬಿಟ್ಟಳು.

ಒಳಗೆ ಅಪ್ಪ ಮಗ್ಗ ತುಳಿಯುತ್ತಿದ್ದ. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುತ್ತಿತ್ತು. ಅಪ್ಪನ ಬಾಯಿ ಬಿಡುವಿಲ್ಲದೆ ಆಡುತ್ತಿತ್ತು.

"ಹಾಡ್ತಿದಾನೆ," ಅಂದೆ.

"ಹಾಡಲ್ಲ," ಅಂದಳು ಅಜ್ಜಿ.

ಕಂಡಿಕೆಯ ನೂಲು ಮುಗಿದು ಮಗ್ಗ ನಿಂತಿತು. ತಕ್ಷಣ ಅಪ್ಪನ ಬಾಯೂ ಮುಚ್ಚಿತು. ಹೊಸ ಕಂಡಿಕೆ ಹಾಕಿ ತುಳಿಯತೊಡಗಿದ, ಬಾಯಿ ಮತ್ತೆ ತೆರೆಯಿತು. ಒಮ್ಮೆ ತಲೆ ಅಲ್ಲಾಡಿಸಿದ, ಒಮ್ಮೆ ಯಾರೊಂದಿಗೋ ವಾದ ಮಾಡುವವನಂತೆ ಹುಬ್ಬೇರಿಸಿದ. ಕೂಟದಲ್ಲಿ ಎರಡು ಮಾತಿಗೆ ತಡವರಿಸಿದ ಅದೇ ಬಾಯಿ. ನಾವು ಅಲ್ಲೇ ನಿಂತಿದ್ದೆವು, ಚಹಾ ಆರಿತು.

ಮುಂದಿನ ಸಲ ಮಗ್ಗ ನಿಂತಾಗ ಅಜ್ಜಿ ಬಾಗಿಲು ತಳ್ಳಿದಳು.

"ಎಷ್ಟು ದಿನದಿಂದ ಇದು?"

ಅಪ್ಪ ಕೆಂಪಾದ. "ಏನು?"

"ನನ್ನ ಹತ್ರ ಆಟ ಬೇಡ. ಎಷ್ಟು ದಿನದಿಂದ?"

"ಅಪ್ಪ ಹೋದಾಗಿನಿಂದ." ಅವನು ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. "ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೇ ಎದೆ ಹಿಡ್ಕೊಳತ್ತೆ ಅಮ್ಮಾ. ಕುರಿ, ನಿನ್ನ ಕೆಮ್ಮು, ಕರ್ಸ್ಟಿ ಹೋಗೋ ಬಸ್ಸು, ಎಲ್ಲಾ ಒಟ್ಟಿಗೆ ಮೇಲೆ ಬೀಳತ್ತೆ. ಇಲ್ಲಿ ಬಂದು ತುಳೀತಾ ಒಂದೊಂದೇ ದೇವರ ಮುಂದೆ ಇಡ್ತೀನಿ. ಒಂದು ಗಜ ನೇಯೋ ಹೊತ್ತಿಗೆ ಉಸಿರು ಸಲೀಸಾಗತ್ತೆ. ಇದಿಲ್ದೆ ಇದ್ರೆ ನಾನು ಯಾವತ್ತೋ ಹುಚ್ಚನಾಗ್ತಿದ್ದೆ."

"ಮತ್ತೆ ಅಲ್ಲಿ ಯಾಕೆ ಬರ್ಲಿಲ್ಲ?"

"ಅಲ್ಲಿ ಕೇಳಿಸ್ಕೊಳ್ತಾರೆ. ಅಪ್ಪನ ಹಾಗೆ ಬರತ್ತಾ ಅಂತ ತೂಗ್ತಾರೆ." ಅಪ್ಪ ಲಾಳಿಯನ್ನು ಮಗ್ಗದ ಮೇಲಿಟ್ಟ. "ನೀನೂ ತೂಗ್ತೀಯ."

ಅಜ್ಜಿ ಸ್ಕೋನ್ ತಟ್ಟೆಯನ್ನು ನೂಲಿನ ಚೀಲದ ಮೇಲಿಟ್ಟಳು. ಒಳ್ಳೆಯ ಏಪ್ರನ್ನಿನ ಅಂಚಿಗೆ ಕೈ ಒರೆಸಿಕೊಂಡಳು.

"ತೂಗ್ತಿದ್ದೆ," ಅಂದಳು. "ಹೌದು ಮಗಾ, ತೂಗ್ತಿದ್ದೆ. ತಪ್ಪು ನಂದು."

ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಆರಿದ ಚಹಾವನ್ನು ನಾನೇ ಕುಡಿದೆ.

ಅವತ್ತು ಸಂಜೆ ಊಟವಾದ ಮೇಲೆ ಅಜ್ಜಿ ಗೂಡಿನಿಂದ ಬೈಬಲ್ಲು ಇಳಿಸಿ ಎದೆಗವಚಿಕೊಂಡು ಎದ್ದಳು. "ನಡೀರಿ," ಅಂದಳು ನನಗೂ ಅಮ್ಮನಿಗೂ. ಶೆಡ್ಡಿನಲ್ಲಿ ಅಮ್ಮನೂ ನಾನೂ ಉಣ್ಣೆಯ ಚೀಲಗಳ ಮೇಲೆ, ಅಜ್ಜಿ ತಾನು ಐವತ್ತೆರಡು ವರ್ಷ ಕೂತ ಕಂಡಿಕೆಯ ಸ್ಟೂಲಿನ ಮೇಲೆ ಕೂತೆವು. ಮಗ್ಗದ ಮುಂದಿದ್ದ ಅಪ್ಪನಿಗೆ ದಿಕ್ಕೇ ತೋಚಲಿಲ್ಲ.

"ಇವತ್ತು ಪುಸ್ತಕ ಇಲ್ಲೇ. ಓದೋದು ಕರ್ಸ್ಟಿ ಓದ್ಲಿ. ಪ್ರಾರ್ಥನೆ ನೀನು ಮಾಡು. ಮಗ್ಗ ನಿಲ್ಲಿಸ್ಬೇಡ," ಅಂದಳು ಅಜ್ಜಿ.

ನಾನು ಓದಿದೆ. ಅಪ್ಪ ನಮ್ಮ ಮೂವರನ್ನೂ ನೋಡಿದ, ಆಮೇಲೆ ಬಟ್ಟೆಯ ಮೇಲೆ ಕಣ್ಣಿಟ್ಟು ತುಳಿಯತೊಡಗಿದ. ನೆಲ ನಡುಗಿತು. ನಾವು ತಲೆ ತಗ್ಗಿಸಿದೆವು. ಕಂಡಿಕೆ ಮುಗಿದು ಮಗ್ಗ ನಿಂತಾಗ ಅಜ್ಜಿ, "ಆಮೆನ್," ಅಂದಳು.

ಅಂಗಳ ದಾಟುವಾಗ ಅಮ್ಮ ಕೇಳಿದಳು, "ಏನಾದ್ರೂ ಕೇಳಿಸ್ತಾ ಅತ್ತೆ?"

"ಒಂದಕ್ಷರನೂ ಇಲ್ಲ. ನಂಗೆ ಹೇಳಿದ್ದಲ್ಲವಲ್ಲ."

ಅವತ್ತು ಅಜ್ಜಿ ಬೆಳಗಿನ ತನಕ ನಿದ್ದೆ ಮಾಡಿದಳು, ಗಂಜಿ ನಾನೇ ಕಾಯಿಸಬೇಕಾಯಿತು. ಗುರುವಾರ ಅವಳು ಮತ್ತೆ ಪಾದ್ರಿಗಳ ಮನೆಗೆ ಹೋಗಿಬಂದಳು, ಬರಿಗೈಯಲ್ಲಿ. ಫಿನ್ಲೇ ತಾನಾಗಿ ಹೇಳುವ ತನಕ ಅವನ ಹೆಸರು ಕೂಗಬಾರದು ಅಂತ ಕೇಳಿಕೊಂಡಳಂತೆ. ಅವನು ಬಂದು ಸುಮ್ಮನೆ ಕೂತರೂ ಸಂತೋಷ, ತಾನು ಮೊದಲು ಅವನನ್ನೇ ಕೇಳಬೇಕಿತ್ತು ಅಂದರಂತೆ ಪಾದ್ರಿಗಳು. ಶನಿವಾರದ ತನಕ ಶೆಡ್ಡಿನಲ್ಲೇ ಪುಸ್ತಕ ತೆಗೆದೆವು. ಅಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತಿದ್ದಳು.

ಭಾನುವಾರ ಏನು ಮಾಡುವುದೆಂದು ಯಾರೂ ಯೋಚಿಸಿರಲಿಲ್ಲ. ಸಬ್ಬತ್ ದಿನ ನಮ್ಮೂರಲ್ಲಿ ಮಗ್ಗ ಓಡುವುದಿಲ್ಲ. ಬಟ್ಟೆ ಒಗೆಯುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಅದರಲ್ಲೂ ಅಜ್ಜಿ, ಚಮಚ ಬಟ್ಟಲಿಗೆ ತಾಗಿ ಸದ್ದಾದರೂ ತಿರುಗಿ ನೋಡುವವಳು. ಹಿಂದಿನ ದಿನವೇ ಕಾಯಿಸಿಟ್ಟ ಕುರಿಯ ಸೂಪು ಕುಡಿದು, ಸಂಜೆ ಚರ್ಚಿನಿಂದ ಬಂದು, ಚಹಾ ಮುಗಿಸಿ ನಾವು ಮೇಜಿನ ಸುತ್ತ ಕೂತೆವು. ಅಪ್ಪ ತಾನಾಗಿಯೇ ಬೈಬಲ್ಲು ಇಳಿಸಿದ. ಓದಿದ. ಕೀರ್ತನೆ ಹಾಡಿದೆವು. ಕುರ್ಚಿಗಳಿಗೆ ಮುಖವಿಟ್ಟು ಮಂಡಿಯೂರಿದೆವು. ಅಜ್ಜಿಗೆ ಮಂಡಿ ಬಗ್ಗುವುದಿಲ್ಲ, ಕೋಲು ಹಿಡಿದು ಕೂತಲ್ಲೇ ತಲೆ ತಗ್ಗಿಸಿದಳು.

"ಓ ಕರ್ತನೇ," ಅಂದ ಅಪ್ಪ.

ಗಡಿಯಾರದ ಸದ್ದು ಕೇಳಿಸುತ್ತಿತ್ತು. ಅಪ್ಪನ ಕುರ್ಚಿ ಅಲ್ಲಾಡತೊಡಗಿತು. ಇವತ್ತು ಎದ್ದು ಹೋದರೆ ಇವನು ಮತ್ತೆ ಯಾವತ್ತೂ ಪುಸ್ತಕ ಮುಟ್ಟುವುದಿಲ್ಲ ಅನ್ನಿಸಿ ನನಗೆ ಅಳು ಬಂತು. ಅಮ್ಮ ನನ್ನ ಕೈ ಹಿಡಿದುಕೊಂಡಳು.

ಟಕ್. ಟಟಕ್.

ನಾನು ತಲೆ ಎತ್ತಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೋಲಿನಿಂದ ಹಲಗೆಯ ನೆಲವನ್ನು ಕುಟ್ಟುತ್ತಿದ್ದಳು. ಟಕ್ ಟಟಕ್, ಟಕ್ ಟಟಕ್. ಐವತ್ತೆರಡು ವರ್ಷ ಕೇಳಿದ ಲಯ, ಒಂದು ಪೆಟ್ಟೂ ತಪ್ಪಲಿಲ್ಲ. ಕಪಾಟಿನ ಪಿಂಗಾಣಿ ಬಟ್ಟಲುಗಳು ಗಲಗಲ ಅಂದವು. ಅಮ್ಮ ನನ್ನ ಕೈ ಬಿಟ್ಟು ಗೆಣ್ಣಿನಿಂದ ಕುರ್ಚಿ ಬಡಿಯತೊಡಗಿದಳು. ನಾನು ಬೂಟಿನ ತುದಿಯಿಂದ ನೆಲ ಒದ್ದೆ.

ಅಪ್ಪ ಶುರು ಮಾಡಿದ.

ಮಗ್ಗದಷ್ಟು ಸದ್ದು ಮಾಡಲು ನಮ್ಮಿಂದ ಆಗಲಿಲ್ಲ, ಹಾಗಾಗಿ ಅಲ್ಲೊಂದು ಇಲ್ಲೊಂದು ಮಾತು ಕೇಳಿಸಿತು. ಬಸ್ಸು ಅಂತ ಕೇಳಿಸಿತು, ಅವಳಿ ಮರಿ ಅಂತ, ಇಶ್‌ಬೆಲ್ ಸೊಂಟದ ನೋವು ಅಂತ. ನನ್ನ ಹೆಸರು ಕೇಳಿಸಿತು. ದಿನಾ ನಾನು ಬಸ್ಸು ಹತ್ತಿದ ಮೇಲೆ ಆ ಶೆಡ್ಡಿನಲ್ಲಿ ಈ ಮನುಷ್ಯ ನನ್ನ ಹೆಸರು ಹೇಳುತ್ತಿದ್ದನೆಂಬುದು ನನಗೆ ಆಗ ತಿಳಿಯಿತು, ನಾನು ಕುರ್ಚಿಯ ಮೆತ್ತೆಗೆ ಮುಖ ಒತ್ತಿ ಅತ್ತೆ. ಆಮೇಲೆ ಅಪ್ಪ, "ನನ್ನ ತಾಯಿ," ಅಂದ. ಮುಂದಿನದನ್ನು ತಾನು ಕೇಳಿಸಿಕೊಳ್ಳಬಾರದೆಂದು ಅಜ್ಜಿ ಕೋಲನ್ನು ಇನ್ನೂ ಜೋರಾಗಿ ಕುಟ್ಟಿದಳು.

ಮರುದಿನ ಬೆಳಿಗ್ಗೆ ಅಜ್ಜಿಯೂ ನಾನೂ ಬಟ್ಟೆ ಒಣಹಾಕುತ್ತಿದ್ದಾಗ ಹಿರಿಯ ರೋರಿ ಬೇಲಿಯ ಆಚೆ ಬಂದು ನಿಂತರು. ಮುಖ ಗಂಟಿಕ್ಕಿತ್ತು.

"ಡೊಲೀನಾ, ನಿನ್ನೆ ಸಂಜೆ ಈ ಕಡೆ ಯಾರ ಮನೇಲೋ ಮಗ್ಗ ಓಡ್ತಿತ್ತಲ್ಲ? ಸಬ್ಬತ್ ದಿನ! ನಿಮಗೂ ಕೇಳಿಸ್ತಾ?"

ಅಜ್ಜಿ ಅಪ್ಪನ ಅಂಗಿಯನ್ನು ಕೊಡವಿ ತಂತಿಗೆ ಹಾಕಿದಳು.

"ನಮ್ಮನೇದೇ," ಅಂದಳು. "ಓಡಿಸಿದ್ದು ನಾನೇ. ಕರ್ಸ್ಟಿ, ಆ ಕ್ಲಿಪ್ಪು ಕೊಡು."